ಕಟ್ಟು ನೀರಿನ ರಾತ್ರಿ

ಶನಿವಾರ ಸಂಜೆ ಐದೂವರೆಗೆ
ಮಂಡ್ಯದ ನೀರಾವರಿ ಕಚೇರಿಯ ಬೀಗದಕೈ ನನಗೆ ಸಿಕ್ಕಿತು.
ಹಳೆಯ ಯಂತ್ರ ಹದಿನಾರು, ಹೊಸವು ಹದಿನಾರು,
ನಡುವೆ ಒಂದು ಸ್ವಿಚ್ಚು, ನೀಲಿ ತಂತಿ.
ಸೋಮವಾರ ಹತ್ತರೊಳಗೆ
ಎಲ್ಲರ ಎಲ್ಲವೂ ಆಚೆ ದಡ ಸೇರಬೇಕು.
ಕಾವಲಿನ ಜವರಯ್ಯ ಕೇಳಿದರು:
"ಏನ್ ಸಾಗಿಸ್ತೀಯವ್ವ? ಲಾರಿನೇ ಬರ್ನಿಲ್ವಲ್ಲ?"

ಮೊದಲು ಪ್ರತಿ, ಆಮೇಲೆ ಸಾಗಣೆ;
ನನ್ನ ಕಸುಬಿಗೆ ಇದೇ ಬಿಸ್ಮಿಲ್ಲಾ.
ಕಪ್ಪು ಡಬ್ಬಿಗೆ ಎಲ್ಲವನ್ನೂ ಇಳಿಸಿ
ಒಮ್ಮೆ ತೆರೆದು ನೋಡಬೇಕು. ನೋಡದ ಪ್ರತಿ ಪ್ರತಿಯಲ್ಲ.
ಅದನ್ನು ಕಲಿತದ್ದು ಮಂಡಿ ಮೊಹಲ್ಲಾದಲ್ಲಿ,
ಯಾರದೋ ಮದುವೆಯ ಫೋಟೊ ಪೂರ್ತಿ ಕಳೆದು,
ಸ್ಟುಡಿಯೊದವನಿಂದ ಬೈಸಿಕೊಂಡು.

ಆಮೇಲೆ ಒಬ್ಬೊಬ್ಬರನ್ನೇ ಎತ್ತುವುದು.
ಪಂಕಜಾಕ್ಷಿ ಮೇಡಂ ಡೆಸ್ಕ್‌ಟಾಪಿನ ತುಂಬ
ಹೊಸ ಫೋಲ್ಡರ್, ಹೊಸ ಫೋಲ್ಡರ್ ಎರಡು, ಹೊಸ ಫೋಲ್ಡರ್ ಹನ್ನೊಂದು.
ಇಂಜಿನಿಯರರದು ನಲವತ್ತು ಜಿಬಿ,
ಅದರಲ್ಲಿ ನಾಲೆ ಎರಡು, ಮಿಕ್ಕಿದ್ದು ಕಬಡ್ಡಿ.
ಯಾರದನ್ನೂ ತೆರೆದು ಓದುವುದಿಲ್ಲ ನಾನು.
ಬೀರುವಿನೊಳಗೆ ಏನಿದೆಯೆಂದು ಹಮಾಲಿ ಕೇಳುತ್ತಾನೆಯೇ?
ಗಾತ್ರ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ರಾತ್ರಿ ಹತ್ತಕ್ಕೆ ಲೆಕ್ಕ ತಪ್ಪಿತು.
ಪಟ್ಟಿಯಲ್ಲಿ ಹದಿನಾರು ಹೆಸರು, ಡಿಸ್ಕಿನಲ್ಲಿ ಹದಿನೇಳು.
ಹದಿನೇಳನೆಯವರು ಬೋರಲಿಂಗಯ್ಯ, ಟೈಪಿಸ್ಟು,
ಹೋದ ವರ್ಷ ನಿವೃತ್ತಿ.
ಅಳಿಸಲು ಅಪ್ಪಣೆಯಿಲ್ಲ, ಒಯ್ಯಲು ಯಂತ್ರವಿಲ್ಲ.
ಜವರಯ್ಯ ನಂಬರು ಕೊಟ್ಟರು. ಹೊತ್ತಲ್ಲದ ಹೊತ್ತು, ಎಂದೆ.
"ಎದ್ದಿರ್ತಾನೆ ಬುಡು, ಅವ್ನ ಕಟ್ಟು ಇವತ್ತು."

ಎದ್ದಿದ್ದರು. ಫೋನಿನ ತುಂಬ ಕಪ್ಪೆ,
ಗುದ್ದಲಿ ಹಸಿಮಣ್ಣು ಕಚ್ಚುವ ಸದ್ದು.
ಎಂಟು ದಿನಕ್ಕೊಮ್ಮೆ ಬರುವ ನೀರು
ತೂಬು ದಾಟಿ ಅವರ ಗದ್ದೆಗೆ ಈಗಷ್ಟೇ ತಿರುಗಿತ್ತಂತೆ.
ನಾನು ಸಬೀಹಾ, ಮೈಸೂರಿನಿಂದ ಬಂದವಳು, ನಿಮ್ಮ ಫೈಲು...
"ಎಲ್ಲೀಗಂಟ ಬಂತು?"
ಒಂಬತ್ತು ಜನರದು ಆಯಿತು, ಹತ್ತನೆಯವರು ಇಂಜಿನಿಯರು,
ತಂತಿಯೆಲ್ಲ ಅವರೇ ಕುಡಿಯುತ್ತಿದ್ದಾರೆ.
"ದೊಡ್ ಗದ್ದೆಗೆ ಯಾಕ್ ಮೊದ್ಲು ಬುಟ್ಟೆ ಕನವ್ವ?
ಬಾಲದಲ್ಲಿರೋ ಸಣ್ಣವ್ಕೆ ಬುಡು.
ದೊಡ್ಡದು ಬೆಳಗಾಗೋ ಗಂಟ ಕುಡ್ಕತದೆ."
ನಿಮ್ಮದು?
"ನಂದೇನದೆ ಅಲ್ಲಿ, ಅಳಿಸ್ಬುಡು."
ಸ್ವಲ್ಪ ತಡೆದು,
"ಊರ್ ಹೆಸ್ರು ಮಾತ್ರ ನೋಡ್ಕ."
ಏನೆಂದು ಕೇಳುವ ಮೊದಲೇ ಎಲ್ಲೋ ಬದು ಒಡೆದು
ಫೋನು ನಿಂತಿತು.

ಇಂಜಿನಿಯರರನ್ನು ತಡೆದು ಸಣ್ಣವರನ್ನು ಬಿಟ್ಟೆ.
ಮಿಕ್ಕ ಆರು ಮಂದಿ ಗಂಟೆಯೊಳಗೆ ದಾಟಿದರು.
ಪರೀಕ್ಷೆಗೆಂದು ಹೊಸ ಯಂತ್ರದಲ್ಲಿ
ಹಳೆಯ ಪ್ರಕಟಣೆಯೊಂದನ್ನು ತೆರೆದೆ:
ಈ ಕೆಳಕಂಡ ಗ್ರಾಮಗಳ ರೈತಬಾಂಧವರಿಗೆ
ಕೀಲಾರ, ಹೊಳಲು, ಬೂದನೂರು, ಕೊತ್ತತ್ತಿ, ದುದ್ದ
ಒಂದೊಂದು ಊರಿನ ಕೆಳಗೂ ಕೆಂಪು ಗೀರು,
ಹೂಳೆತ್ತದ ಕಾಲುವೆಯಂತೆ ಅಂಕುಡೊಂಕು.
ಹೊಸ ಯಂತ್ರಕ್ಕೆ ಇವು ಊರಲ್ಲ, ತಪ್ಪು.
ಹಳೆಯದರಲ್ಲಿ, ಬೋರಲಿಂಗಯ್ಯನವರ ಹೆಸರಿನಲ್ಲಿ ತೆರೆದರೆ
ಅದೇ ಹಾಳೆ ತಿಳಿನೀರು.

ಹುಡುಕಿದೆ. ಮರೆಯಾಗಿಟ್ಟ ಫೋಲ್ಡರಿನೊಳಗೆ
ಮರೆಯಾಗಿಟ್ಟ ಇನ್ನೊಂದು,
ಅದರೊಳಗೆ ಹನ್ನೊಂದು ಕೆಬಿಯ ಒಂದೇ ಫೈಲು.
ಹನ್ನೆರಡು ವರ್ಷ, ಕೆಂಪು ಕಂಡಾಗಲೆಲ್ಲ
ನಿಘಂಟಿಗೆ ಸೇರಿಸು, ಸೇರಿಸು ಎಂದು
ಒತ್ತಿ ಒತ್ತಿ ಕಲಿಸಿದ ಮಾತುಗಳು:
ಊರು, ಉಪನಾಲೆ, ಸೌಡಿಗಳ ಅಪ್ಪಂದಿರ ಹೆಸರು,
ಕಟ್ಟು, ತೂಬು, ಜವರಯ್ಯ,
ಎಲ್ಲದರ ಕೊನೆಗೆ ಬೋರಲಿಂಗಯ್ಯ.
ಅಲ್ಲಿಯವರೆಗೂ ತನ್ನದೇ ಸಹಿಯ ಕೆಳಗೆ
ಗೀರು ಇಟ್ಟುಕೊಂಡೇ ಕಾಗದ ಕಳಿಸಿದ್ದಾರೆ ಮನುಷ್ಯ.

ಹದಿನಾರು ಯಂತ್ರಕ್ಕೂ ಅದನ್ನು ಹಾಯಿಸಿದೆ.
ಪಟ್ಟಿಯಲ್ಲಿಲ್ಲದ ಕೆಲಸ, ಬಿಲ್ಲಿಗೆ ಬರೆಯಲಿಲ್ಲ.

ಬೆಳಗಿನ ಜಾವ ಜವರಯ್ಯ ಚಹಾ ತಂದರು.
ಅವರ ಹೆಸರು ಬರೆದು ತೋರಿಸಿದೆ, ಶುಭ್ರ.
ಪಕ್ಕದಲ್ಲಿ ನನ್ನದು ಬರೆದೆ.
"ಇದ್ಯಾಕವ್ವ ಕೆಂಪ್ಗದೆ?"
ಒತ್ತಲೋ ಬೇಡವೋ, ಗುತ್ತಿಗೆಯವಳು,
ಎಂದುಕೊಳ್ಳುವಷ್ಟರಲ್ಲಿ ಇಂಜಿನಿಯರರ ಕಬಡ್ಡಿ
ಏದುಸಿರು ಬಿಡುತ್ತ ದಡ ಮುಟ್ಟಿತು.